ಸಂಜೀವಣ್ಣನ ಸ್ವರ ಮನೆಗೆ ಬಂದದ್ದು

ಮೈಕ್ ಪ್ರಚಾರದ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ಈಗಲೂ ನನ್ನ ಮನೆಗೆ ಬರುತ್ತಾರೆ. ಯಾವ ಆಂಪ್ಲಿಫೈಯರ್ ಒಳ್ಳೆಯದು, ಎಷ್ಟು ವಾಟ್ಸಿನ ಹಾರ್ನ್ ಬೇಕು, ಹಳೆಯ ಓಮ್ನಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಸ್ವರದ ವಿಷಯ ಒಬ್ಬನೂ ಕೇಳುವುದಿಲ್ಲ. ಗಂಟಲು ಕೈಕೊಟ್ಟ ಮೇಲೆ ಗಾಡಿಯನ್ನು ಅಳಿಯನಿಗೆ ಬಿಟ್ಟು ನಾನು ಮನೆಯಲ್ಲಿ ಕೂತಿದ್ದೇನೆ. ಹೇಳಬೇಕಾದದ್ದು ಬಹಳ ಇದೆ, ಹೇಳಲು ಸ್ವರ ಸಾಲುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ನಾನು ಕೂಗದ ರಸ್ತೆ ಇಲ್ಲ. ಯಕ್ಷಗಾನ, ಉರೂಸ್, ಕಂಬಳ, ಸೊಸೈಟಿ ಚುನಾವಣೆ, ಚಪ್ಪಲಿ ಅಂಗಡಿಯ ರಿಯಾಯಿತಿ ಮಾರಾಟ, ಕರೆಂಟ್ ಇಲ್ಲದ ದಿನ, ಎಲ್ಲವನ್ನೂ ಕೂಗಿದ್ದೇನೆ. ನಮ್ಮ ಮುಖ ಯಾರಿಗೂ ಗುರುತು ಇರುವುದಿಲ್ಲ. ಒಮ್ಮೆ ಸುಳ್ಯದ ಹೋಟೆಲೊಂದರಲ್ಲಿ "ಒಂದು ಚಾ" ಎಂದದ್ದೇ ತಡ, ಪಕ್ಕದ ಮೇಜಿನ ಅಜ್ಜ ತಿರುಗಿ ನೋಡಿ, "ಓ, ಮೈಕಿನ ಬ್ಯಾರಿ ಅಲ್ವಾ? ನಾನು ನೀವು ಇನ್ನೂ ಎತ್ತರ ಇರಬಹುದು ಅಂತ ಎಣಿಸಿದ್ದೆ" ಎಂದರು. ಸ್ವರ ಎತ್ತರದ್ದು, ಆಳು ಕುಳ್ಳ. ಏನು ಮಾಡುವುದು?

ನನಗೆ ಈ ಕೆಲಸ ಕಲಿಸಿದ್ದು ಸಂಜೀವಣ್ಣ. ಕಡಬದಿಂದ ಉಪ್ಪಿನಂಗಡಿಗೆ ಬರುವ ದಾರಿಯ ನಮ್ಮ ಸಣ್ಣ ಪೇಟೆಯಲ್ಲಿ ಅವರ ಮೈಕ್ ಸೆಟ್ಟಿನ ಅಂಗಡಿ ಇತ್ತು. ಮೊದಲು ಅವರ ಜೀಪಿನಲ್ಲಿ ಆಳಾಗಿ ಸೇರಿದವನು ಕೊನೆಗೆ ಅವರ ಪಾಲುದಾರನಾದೆ. ಸಿಟ್ಟಿನ ಮನುಷ್ಯ, ಆದರೆ ಮೈಕಿನ ಎದುರು ಬೆಣ್ಣೆ. ಅವರು ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದರು. ಎದುರಿಗೆ ಗುಡ್ಡ ಇರುವ ತಿರುವಿನಲ್ಲಿ ಮಾತಾಡಬಾರದು, ಸ್ವರ ಹಿಂದಕ್ಕೆ ಬಂದು ಹೊಡೆಯುತ್ತದೆ. ಮರಣದ ಸುದ್ದಿ ಹೇಳುವಾಗ ಮೊದಲು ಮನೆಯ ಹೆಸರು, ಆಮೇಲೆ ಸತ್ತವರ ಹೆಸರು. ಹೇಳಿ ಮುಗಿದ ಮೇಲೆ ಮುಂದಿನ ಜಂಕ್ಷನ್ನಿನವರೆಗೆ ಹಾಡು ಹಾಕಬಾರದು, ಸುಮ್ಮನೆ ಹೋಗಬೇಕು.

ಈ ಎರಡನೆಯ ಕಟ್ಟುಪಾಡನ್ನು ಮರೆತು ನಾನು ಒಮ್ಮೆ ಬದುಕಿದ್ದವರನ್ನು ಸಾಯಿಸಿದೆ. ಒಂದೇ ಹೆಸರಿನ ಇಬ್ಬರು ಗೌಡರು ಒಂದೇ ಗ್ರಾಮದಲ್ಲಿದ್ದರು. ನಾನು ಮನೆಯ ಹೆಸರು ಬಿಟ್ಟು ಬರೀ ಗೌಡರ ಹೆಸರು ಹೇಳುತ್ತಾ ಹೋದೆ. ಸಾಯದ ಗೌಡರು ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡು ಕೂತಿದ್ದವರು ತಮ್ಮ ಸಾವನ್ನು ತಾವೇ ಕೇಳಿದರು. ಮರುದಿನ ನಮ್ಮ ಅಂಗಡಿಗೆ ಬಂದು, "ಎಂತ ಮಾರಾಯ, ನನ್ನನ್ನು ಸುಡುದು ಎಷ್ಟು ಗಂಟೆಗೆ?" ಎಂದು ಕೇಳಿದಾಗ ನಾನು ಎದ್ದು ನಿಂತು ಕೈಮುಗಿದೆ. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಗಟ್ಟಿ ಎನ್ನುತ್ತಾರಲ್ಲ, ಗೌಡರು ಅದನ್ನು ನಂಬಿ ನನ್ನನ್ನು ಕ್ಷಮಿಸಿದರು. ಸಂಜೀವಣ್ಣ ಮಾತ್ರ ಒಂದು ವಾರ ನನ್ನ ಕೈಗೆ ಮೈಕ್ ಕೊಡಲಿಲ್ಲ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾವು ಆಡುದು ಸಾವಿರ ಜನರ ಕಿವಿಗೆ, ಗೊತ್ತಾಯ್ತಾ?" ಎಂದು ಬೈದರು.

ಆಮೇಲೆ ಕ್ಯಾಸೆಟ್ ಬಂತು, ಅದು ಹೋಗಿ ಪೆನ್ ಡ್ರೈವ್ ಬಂತು. ಒಮ್ಮೆ ಹೇಳಿ ರೆಕಾರ್ಡ್ ಮಾಡಿಟ್ಟರೆ ಗಾಡಿಯೇ ದಿನವಿಡೀ ಕೂಗುತ್ತದೆ. ನನಗೆ ಖುಷಿಯೋ ಖುಷಿ. ಸಂಜೀವಣ್ಣನಿಗೆ ಹಿಡಿಸಲಿಲ್ಲ. "ಜನ ಇಲ್ಲಿ, ಸ್ವರ ಅಲ್ಲಿ. ಅದು ಸರಿಯಲ್ಲ ಹಮೀದ್" ಎನ್ನುತ್ತಿದ್ದರು. ಯಾಕೆ ಸರಿಯಲ್ಲ ಎಂದು ಕೇಳಿದರೆ ಬೀಡಿ ಹಚ್ಚುತ್ತಿದ್ದರು.

ಕೊರೋನಾ ಬಂದಾಗ ನಮ್ಮ ಕೆಲಸಗಳೆಲ್ಲ ನಿಂತವು. ಯಕ್ಷಗಾನದ ಆಟ ಇಲ್ಲ, ಉರೂಸ್ ಇಲ್ಲ. ಉಳಿದದ್ದು ಪಂಚಾಯತಿನ ಒಂದೇ ಕೆಲಸ: ಮಾಸ್ಕ್ ಹಾಕಿ ಎಂದು ಕೂಗುವುದು. ಮೊದಲ ವರ್ಷ ನಾವಿಬ್ಬರೂ ಗಾಡಿಯಲ್ಲಿ ಕೂತು ಬಾಯಿಯಿಂದಲೇ ಕೂಗಿದೆವು. ಜನ ಆಗ ಹೆದರಿದ್ದರು, ಹೇಳಿದ್ದನ್ನು ಕೇಳಿದರು. ಎರಡನೆಯ ವರ್ಷದ ಹೊತ್ತಿಗೆ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು.

ಪೇಟೆಯ ನಡುವೆ ಪದ್ಮಣ್ಣನ ಜೀನಸಿನ ಅಂಗಡಿ. ಒಳ್ಳೆಯ ಮನುಷ್ಯ, ಸಾಲ ಕೇಳಿದರೆ ಮುಖ ತಿರುಗಿಸಿದವರಲ್ಲ. ಮಾಸ್ಕ್ ಎಂದರೆ ಮಾತ್ರ ಉರಿದು ಬೀಳುತ್ತಿದ್ದರು. ಎದುರಿಗೆ ಮೆಡಿಕಲ್ ಶಾಪಿನ ಜೋಸೆಫ್, ನೆಲ್ಯಾಡಿ ಕಡೆಯವರು, ಎರಡೆರಡು ಮಾಸ್ಕ್ ಹಾಕುವ ಜನ. ಒಂದು ಬೆಳಿಗ್ಗೆ ನಮ್ಮ ಗಾಡಿ ಇಬ್ಬರ ನಡುವೆ ಸಿಕ್ಕಿಬಿತ್ತು.

"ನಿಲ್ಸಿ ಸಂಜೀವಣ್ಣ, ನಿಲ್ಸಿ" ಎಂದು ಪದ್ಮಣ್ಣ ರಸ್ತೆಗೆ ಇಳಿದರು. "ಚುನಾವಣೆ ಸಭೆಯಲ್ಲಿ ಒಬ್ಬನ ಮುಖಕ್ಕಾದ್ರೂ ಮಾಸ್ಕ್ ಇತ್ತಾ? ಅಲ್ಲಿ ಬಾರದ ರೋಗ ನನ್ನ ಅಂಗಡಿಗೆ ಬರುದಾ? ದಂಡ ಹಾಕುದು ಬೀಡಿ ಕಟ್ಟುವ ಹೆಂಗಸರಿಗೆ ಮಾತ್ರವಾ?"

ಜೋಸೆಫ್ ತಮ್ಮ ಜಗಲಿಯಿಂದ, "ನೀವು ಹಾಕದಿದ್ರೆ ನಿಮಗೆ ಮಾತ್ರ ಅಲ್ಲ, ನನಗೂ ಬರ್ತದೆ ಪದ್ಮಣ್ಣ" ಎಂದರು.

"ಮಾಸ್ಕ್ ಮಾರುವವ ನೀನು. ಹಾಕಿ ಅಂತ ಹೇಳದೆ ಮತ್ತೆಂತ ಹೇಳ್ತೀಯ?"

ಜನ ಸೇರಿದರು. ಅರ್ಧ ಜನ ಇವರ ಕಡೆ, ಅರ್ಧ ಜನ ಅವರ ಕಡೆ. ಯಾರೋ ಒಬ್ಬರು ಸಂಜೀವಣ್ಣನನ್ನೇ ತೋರಿಸಿ, "ಹಾಕಿ ಹಾಕಿ ಅಂತ ಕೂಗುವವರ ಮುಖದಲ್ಲೇ ಇಲ್ಲ ನೋಡಿ! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ" ಎಂದು ನಗಾಡಿದರು.

ಮಾತು ನಿಜವೇ. ಮಾಸ್ಕ್ ಹಾಕಿ ಮೈಕಿನಲ್ಲಿ ಮಾತಾಡಿದರೆ ಹಾರ್ನಿನಲ್ಲಿ ಬರುವುದು ಮಡಕೆಯೊಳಗಿನ ಸ್ವರ. "ಬಾಯಿ ಮುಚ್ಚಿಕೊಂಡು ಬಾಯಿ ಮುಚ್ಚಿ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಎಂದು ಸಂಜೀವಣ್ಣ ಪೆಚ್ಚಾಗಿ ಹೇಳಿದರು. ಆ ದಿನ ಮಧ್ಯಾಹ್ನವೇ ಅಂಗಡಿಗೆ ಬಂದು, "ರೆಕಾರ್ಡ್ ಮಾಡು ಹಮೀದ್. ಗಾಡಿಯೇ ಹೇಳಲಿ. ನಾನು ಮಾಸ್ಕ್ ಹಾಕಿ ಮನೆಯಲ್ಲಿ ಕೂರ್ತೇನೆ" ಎಂದರು. ಅಷ್ಟು ವರ್ಷ ಬೇಡ ಎಂದವರು ಆ ಒಂದು ನಗುವಿಗೆ ಸೋತರು.

ರೆಕಾರ್ಡ್ ಮಾಡಿದೆವು. "ಸಾರ್ವಜನಿಕರಲ್ಲಿ ವಿನಂತಿ. ಎಲ್ಲರೂ ಮುಖಕ್ಕೆ ಮಾಸ್ಕ್ ಧರಿಸಿರಿ. ಅಗತ್ಯವಿಲ್ಲದೆ ಮನೆಯಿಂದ ಹೊರಗೆ ಬರಬೇಡಿ." ಇಷ್ಟು ಹೇಳಿ ಒಂದು ದೀರ್ಘ ಉಸಿರು ಎಳೆದುಕೊಂಡು, "ನಿಮ್ಮ ಮನೆಯವರು ನಿಮಗಾಗಿ ಕಾಯುತ್ತಿದ್ದಾರೆ" ಎಂದು ಮುಗಿಸಿದರು. ಕೊನೆಯ ವಾಕ್ಯ ಪಂಚಾಯತಿನ ಕಾಗದದಲ್ಲಿ ಇರಲಿಲ್ಲ, ಅದು ಅವರ ಸ್ವಂತದ್ದು. ನಡುವಿನ ಉಸಿರಿನ ಸದ್ದನ್ನು ತೆಗೆದುಬಿಡಲೇ ಎಂದು ಕೇಳಿದೆ. "ಇರಲಿ, ಮನುಷ್ಯ ಮಾತಾಡಿದ ಹಾಗೆ ಕೇಳ್ತದೆ" ಎಂದರು. ಪೆನ್ ಡ್ರೈವನ್ನು ಪಂಚಾಯತಿನ ಕಸದ ಗಾಡಿಗೆ ಕೊಟ್ಟೆ. ದಿನಾ ಬೆಳಿಗ್ಗೆ ಚಾಲಕ ದಿನೇಶ ಅದನ್ನು ಹಾಕಿಕೊಂಡು ಪೇಟೆ ಸುತ್ತುತ್ತಿದ್ದ. ಪದ್ಮಣ್ಣ ಕಿವಿಗೆ ಬೆರಳಿಟ್ಟು ತೋರಿಸಿ ನಗುತ್ತಿದ್ದರು.

ಕೆಲವೇ ದಿನಗಳಲ್ಲಿ ಸಂಜೀವಣ್ಣ ಜ್ವರ ಹಿಡಿದು ಮಲಗಿದರು. ಉಸಿರು ಸಿಗದಾದಾಗ ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಸಾಗಿಸಿದರು. ಅಲ್ಲೇ ತೀರಿಕೊಂಡರು. ಶವವನ್ನು ಊರಿಗೆ ತರಲಿಲ್ಲ. ಚೀಲದಲ್ಲಿ ಕಟ್ಟಿದ್ದರಂತೆ, ಹೆಂಡತಿ ಲೀಲಕ್ಕನಿಗೆ ಮುಖ ಕೂಡ ತೋರಿಸಲಿಲ್ಲ. ಆಕೆಗೂ ರೋಗ ಅಂಟಿತ್ತು, ಮನೆಗೆ ಸೀಲ್ ಹಾಕಿದ್ದರು. ನನ್ನ ಗುರುವಿನ ಮರಣದ ಸುದ್ದಿಯನ್ನು ನಾನೇ ಕೂಗಿದೆ. ಮನೆಯ ಹೆಸರು ಮೊದಲು ಹೇಳಿದೆ. ಅವರ ಹೆಸರು ಬರುವಾಗ ಗಾಡಿ ನಿಲ್ಲಿಸಿ ಅತ್ತೆ.

ಮರುದಿನ ಬೆಳಿಗ್ಗೆ ಎಂದಿನಂತೆ ಕಸದ ಗಾಡಿ ಬಂತು. ಪೆನ್ ಡ್ರೈವ್ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಗಾಡಿ ಇನ್ನೂ ರಬ್ಬರ್ ತೋಟದ ತಿರುವಿನ ಆಚೆ ಇತ್ತು, ಕಾಣುತ್ತಿರಲಿಲ್ಲ. ಸ್ವರ ಮಾತ್ರ ಗುಡ್ಡಕ್ಕೆ ಹೊಡೆದು, ಗಾಡಿ ಬರಬೇಕಾದ ದಿಕ್ಕಿನಿಂದಲ್ಲ, ಸ್ಮಶಾನದ ದಿಕ್ಕಿನಿಂದ ಬಂತು. "ಸಾರ್ವಜನಿಕರಲ್ಲಿ ವಿನಂತಿ."

ಹಾಲಿನ ಡಿಪೋದ ಎದುರು ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೂ ಹೇಳದೆ, ಒಬ್ಬೊಬ್ಬರಾಗಿ, ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡರು. ಇಲ್ಲದವರು ಸೆರಗು ಎಳೆದುಕೊಂಡರು. ಗಾಡಿ ಪದ್ಮಣ್ಣನ ಅಂಗಡಿಯ ಎದುರು ಮೋರಿಯ ಹೊಂಡಕ್ಕೆ ಬಿದ್ದು ಕುಲುಕಿತು. ಆಗ ಆ ಉಸಿರಿನ ಸದ್ದು ಬಂತು. ಉಸಿರಿಲ್ಲದೆ ಸತ್ತ ಮನುಷ್ಯ ನಮ್ಮೆಲ್ಲರ ನಡುವೆ ಉಸಿರು ಎಳೆದುಕೊಂಡ ಹಾಗೆ. ಪದ್ಮಣ್ಣ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಸುತ್ತಿಕೊಂಡು ಒಳಗೆ ಹೋದರು. ನನಗೂ ಮೈ ಜುಮ್ಮೆಂದಿತು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಂದಿನಿಂದ ದಿನಾ ಹಾಗೆಯೇ. ಪೊಲೀಸರ ದಂಡಕ್ಕೆ, ಡಾಕ್ಟರರ ಮಾತಿಗೆ, ಜೋಸೆಫರ ಜಗಳಕ್ಕೆ ಬಗ್ಗದ ಪೇಟೆ ಸತ್ತವರ ಸ್ವರಕ್ಕೆ ಬಗ್ಗಿತು. ಸಂಜೀವಣ್ಣನ ಜೊತೆಗೆ ಜಗಳ ಮಾಡಿದವರ ಅಂಗಡಿಯ ಎದುರು ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಸುದ್ದಿ ಹಬ್ಬಿತು. ಹೊಂಡ ಇರುವಲ್ಲಿ ಗಾಡಿ ನಿಧಾನ ಆಗುತ್ತದೆ, ಅಷ್ಟೇ. ನಾನು ಅದನ್ನು ಹೇಳಿದೆ. ಯಾರಿಗೆ ಬೇಕು ಹೊಂಡದ ವಿಷಯ?

ಮನೆಯ ಸೀಲ್ ತೆಗೆದ ದಿನ ಲೀಲಕ್ಕ ನನಗೆ ಹೇಳಿ ಕಳುಹಿಸಿದರು. ನಾನು ಅಂಗಳದಲ್ಲಿ ನಿಂತೆ, ಅವರು ಜಗಲಿಯಲ್ಲಿ ಕೂತಿದ್ದರು. ಅರ್ಧ ಆಳಾಗಿದ್ದರು.

"ಹಮೀದ್, ಅವರನ್ನು ಒಳಗೆ ಕರೀಬೇಕು" ಎಂದರು.

ನಮ್ಮ ಮುಸ್ಲಿಮರಲ್ಲಿ ಸತ್ತವರನ್ನು ಕರೆಯುವ ಕ್ರಮ ಇಲ್ಲ. ಆದರೆ ತುಳುವರ ನೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಗೊತ್ತಿಲ್ಲದ್ದೂ ಅಲ್ಲ. ಸತ್ತವರು ಕೂಡಲೇ ಹೋಗುವುದಿಲ್ಲ, ಮನೆಯ ಹೊರಗೆ ಅಲೆಯುತ್ತಾ ಇರುತ್ತಾರೆ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮುಸ್ಸಂಜೆಗೆ ಮನೆಯ ಹಿರಿಯರು ಅಂಗಳದ ತುದಿಯಲ್ಲಿ ದೀಪ ಹಿಡಿದು ಅವರನ್ನು ಕರೆಯಬೇಕು. ಒಳಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಹಾಗೆ ಬಂದು ಉಂಡವರು ಹಿಂದೆ ಹೋದ ಹಿರಿಯರ ಸಾಲಿಗೆ ಸೇರುತ್ತಾರೆ. ಕರೆಯದೆ ಬಿಟ್ಟವರು ಹೊರಗೇ ಉಳಿಯುತ್ತಾರೆ.

"ಕರೀರಿ ಲೀಲಕ್ಕ. ಅದಕ್ಕೆ ನಾನು ಎಂತ ಮಾಡಬೇಕು?"

"ಬೆಳಿಗ್ಗೆ ಎದ್ರೆ ರಸ್ತೆಯಲ್ಲಿ ಮಾತಾಡಿಕೊಂಡು ಹೋಗ್ತಾರಲ್ಲ. ಮನೆಯ ಎದುರಿನಿಂದಲೇ ಹೋಗ್ತಾರೆ, ಒಳಗೆ ಬರುದಿಲ್ಲ. ಮುಖ ಅಂತೂ ನೋಡ್ಲಿಕ್ಕೆ ಆಗಲಿಲ್ಲ. ಹೀಗೆ ತಿರುಗ್ತಾ ಇದ್ರೆ ನಾನು ಕರೆದದ್ದು ಅವರಿಗೆ ಕೇಳುದು ಹೇಗೆ? ಅದನ್ನು ನಿಲ್ಸಿ ಹಮೀದ್."

ನಾನು ನೇರ ಪಂಚಾಯತಿಗೆ ಹೋದೆ. ಪಿಡಿಒ ಮೇಡಂ ಮೈಸೂರು ಕಡೆಯವರು, ಸಣ್ಣ ಪ್ರಾಯ, ಪಾಪ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು. ನನ್ನ ಸ್ವರದಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ ಕೊಡುತ್ತೇನೆ ಎಂದೆ.

"ನಿಮ್ಮ ಸ್ವರಕ್ಕೆ ಯಾರ್ ಹಾಕ್ಕೋತಾರೆ ಹೇಳಿ?" ಎಂದರು. "ನನಗೂ ಬೇಜಾರೇ. ಆದ್ರೆ ಜನ ಮಾಸ್ಕ್ ಹಾಕ್ಕೊಳ್ತಿದಾರೆ. ಆ ಯಮ್ಮನ ಯಜಮಾನ್ರು ಹೋದ್ರು, ಇನ್ನೊಬ್ಬರ ಮನೇಲಿ ಹಂಗಾಗೋದು ಬೇಡ. ಸ್ವಲ್ಪ ದಿನ ತಡ್ಕೊಳಿ ಅಂತ ನೀವೇ ಹೇಳಿ." ಅದರ ಮೇಲೆ ಸಂಜೆಯೂ ಒಂದು ಸುತ್ತು ಹೋಗಲು ದಿನೇಶನಿಗೆ ಆದೇಶ ಆಯಿತು.

ಅವರು ಹೇಳಿದ್ದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಲೀಲಕ್ಕ ಹೇಳಿದ್ದು ತಪ್ಪು ಎನ್ನಲೂ ಬರಲಿಲ್ಲ. ನಾನು ಬಂದು ವಿಷಯ ತಿಳಿಸಿದಾಗ ಲೀಲಕ್ಕ ಅಳಲಿಲ್ಲ. "ಆದರೂ ಕರೀತೇನೆ. ನೀವು ಅವರ ಮೈಕ್ ತನ್ನಿ, ಎಲೆಯ ಹತ್ತಿರ ಇಡಬೇಕು. ಅನ್ನಕ್ಕಿಂತ ಇಷ್ಟದ್ದು ಅದುವೇ ಅಲ್ವಾ ಅವರಿಗೆ" ಎಂದರು.

ಬೊಜ್ಜದ ದಿನ ಸಂಜೆ ನಾನು ಗಾಡಿಯಲ್ಲೇ ಹೋದೆ. ಜನ ಸೇರುವ ಹಾಗಿರಲಿಲ್ಲ. ಲೀಲಕ್ಕ, ಸಂಜೀವಣ್ಣನ ಅಣ್ಣ, ನಾನು, ಅಷ್ಟೇ. ಅಣ್ಣನೂ ಅದೇ ರೋಗದಿಂದ ಎದ್ದು ಬಂದವರು, ಸ್ವರ ಸತ್ತು ಹೋಗಿತ್ತು. ಮಳೆ ಬರುವ ಮೋಡ ಕವಿದು ಹೊತ್ತಿಗೆ ಮೊದಲೇ ಕತ್ತಲಾಗುತ್ತಿತ್ತು. ಒಳಗೆ ಎಲೆ ಹಾಕಿ ಮೀನು, ಕೋಳಿ, ಬೀಡಿಯ ಕಟ್ಟು ಇಟ್ಟಿದ್ದರು. ಅಣ್ಣ ದೀಪ ಹಿಡಿದು ಅಂಗಳದ ತುದಿಗೆ ಹೋಗಿ ಕರೆದರು. "ಬಾ ಸಂಜೀವ. ಒಳಗೆ ಬಾ." ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಆಗ ರಸ್ತೆಯ ಕಡೆಯಿಂದ ಉತ್ತರ ಬಂತು. "ಅಗತ್ಯವಿಲ್ಲದೆ ಮನೆಯಿಂದ ಹೊರಗೆ ಬರಬೇಡಿ."

ಅದು ದಿನೇಶನ ಸಂಜೆಯ ಸುತ್ತು ಎಂದು ನನಗೆ ಗೊತ್ತು. ಪೆನ್ ಡ್ರೈವ್ ನಾನೇ ಮಾಡಿದ್ದು. ಆದರೂ ಗಾಡಿ ಕಾಣುತ್ತದೆಯೇ ಎಂದು ರಸ್ತೆಗೆ ಇಣುಕಿದೆ. ಅಣ್ಣ ಇನ್ನೊಮ್ಮೆ ಬಾಯಿ ತೆರೆದರು, ಗಾಳಿ ಮಾತ್ರ ಹೊರಬಂತು. ರಸ್ತೆಯಲ್ಲಿ ಆ ಉಸಿರಿನ ಸದ್ದು. ಆಮೇಲೆ, "ನಿಮ್ಮ ಮನೆಯವರು ನಿಮಗಾಗಿ ಕಾಯುತ್ತಿದ್ದಾರೆ." ಸ್ವರ ಮನೆಯ ಎದುರು ಬಂದು, ನಿಧಾನವಾಗಿ ದಾಟಿ, ಪೇಟೆಯ ಕಡೆಗೆ ಹೋಗತೊಡಗಿತು.

"ಹೋಗ್ತಾ ಇದ್ದಾರೆ" ಎಂದು ಲೀಲಕ್ಕ ಗಾಬರಿಯಿಂದ ಎದ್ದರು. "ಭಾವ, ಕರೀರಿ! ಹೋಗ್ತಾ ಇದ್ದಾರೆ!"

ಭಾವನಿಂದ ಆಗಲಿಲ್ಲ. ಎಲೆಯ ಹತ್ತಿರ ಇಡಲು ತಂದ ಮೈಕ್ ಇನ್ನೂ ನನ್ನ ಕೈಯಲ್ಲಿತ್ತು, ಅಂಗಳದಲ್ಲಿ ನಿಂತ ನನ್ನ ಗಾಡಿಗೆ ಸಿಕ್ಕಿಸಿದ ಉದ್ದ ವಯರು ಬಿಚ್ಚಿರಲಿಲ್ಲ. ಏನು ಮಾಡುತ್ತಿದ್ದೇನೆಂದು ಯೋಚಿಸದೆ ಸ್ವಿಚ್ ಒತ್ತಿ ಲೀಲಕ್ಕನ ಎದುರು ಹಿಡಿದೆ. ಮೂವತ್ತು ವರ್ಷ ಮೈಕಿನವನ ಹೆಂಡತಿಯಾಗಿ ಬಾಳಿದ ಹೆಂಗಸು ಒಂದು ದಿನವೂ ಅದನ್ನು ಮುಟ್ಟಿದವರಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬನ್ನಿ" ಎಂದರು. ಹಾರ್ನಿನಿಂದ ಹೊರಟ ತಮ್ಮ ಸ್ವರಕ್ಕೆ ತಾವೇ ಬೆಚ್ಚಿ ಒಂದು ಕ್ಷಣ ನಿಂತರು. "ಬನ್ನಿ, ಸಾಕು ತಿರುಗಿದ್ದು. ಇಡೀ ಊರಿಗೆ ಹೇಳಿ ಆಯ್ತಲ್ಲ. ಅನ್ನ ತಣೀತಾ ಉಂಟು. ಊಟಕ್ಕೆ ಬನ್ನಿ."

ಆ ಸ್ವರ ಗದ್ದೆ ದಾಟಿ, ಪೇಟೆ ದಾಟಿ, ಗುಡ್ಡಕ್ಕೆ ಹೊಡೆದು ತಿರುಗಿ ಬಂತು. "ಬನ್ನಿ." ರಸ್ತೆಯಲ್ಲಿ ಸಂಜೀವಣ್ಣನ ಸ್ವರ ನಡು ಮಾತಿನಲ್ಲಿ ನಿಂತಿತು. ಮತ್ತೆ ಏಳಲಿಲ್ಲ. ನಾಯಿಗಳು ಕೂಡ ಬೊಗಳದ ಅಂಥ ಮೌನವನ್ನು ನಾನು ನನ್ನ ಕಸುಬಿನಲ್ಲಿ ಬೇರೆಲ್ಲೂ ಕೇಳಿಲ್ಲ. ಲೀಲಕ್ಕ ಮೈಕನ್ನು ಎಲೆಯ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದರು. ನಾವು ಹೊರಗೆ ನಿಂತೆವು. ಮೈಕಿನ ಸ್ವಿಚ್ ಆರಿಸಲು ನಾನು ಮರೆತಿದ್ದೆ. ಮುಚ್ಚಿದ ಬಾಗಿಲಿನ ಆಚೆಯಿಂದ, ಗಾಡಿಯ ಹಾರ್ನಿನಲ್ಲಿ, ಎಲೆ ಸರಿದಂಥ ಸಣ್ಣ ಸದ್ದು ಬಂತು. ಗಾಳಿ ಇರಬಹುದು, ಬೆಕ್ಕು ಇರಬಹುದು. ಲೀಲಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಮುಖ ಸಡಿಲವಾದದ್ದನ್ನು ನೋಡಿ ನನಗೆ ಎದೆ ಹಗುರಾಯಿತು.

ಮರುದಿನ ಬೆಳಿಗ್ಗೆ ದಿನೇಶ ಅಂಗಡಿಗೆ ಬಂದು ಪೆನ್ ಡ್ರೈವನ್ನು ನನ್ನ ಮೇಜಿನ ಮೇಲಿಟ್ಟ. ಆಫ್ ಮಾಡಿದ್ದು ಅವನೇ. "ಅವರು ಹಾಗೆ ಕರೆಯುವಾಗ ನಾನು ಇವರನ್ನು ಎಲ್ಲಿಗೆ ಕೊಂಡುಹೋಗುದು ಹಮೀದಾಕ? ಕೆಲಸ ಹೋದ್ರೆ ಹೋಗಲಿ, ಇನ್ನು ಹಾಕುದಿಲ್ಲ" ಎಂದ. ಮೇಡಂ ಅವನಿಗೆ ಏನೂ ಮಾಡಲಿಲ್ಲ. ನನ್ನ ಸ್ವರದಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ ಕೊಡಲು ಹೇಳಿದರು. ಕೊಟ್ಟೆ. ಗಾಡಿ ಕೂಗುತ್ತಾ ಹೋಯಿತು, ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಸಂಜೀವಣ್ಣ ಒಳಗೆ ಹೋದರು ಎಂದು ಪೇಟೆಗೆಲ್ಲ ಗೊತ್ತಾಗಿತ್ತು. ಲೀಲಕ್ಕ ಕರೆದದ್ದನ್ನು ಎಲ್ಲರೂ ಕೇಳಿದ್ದರು. ಕೆಲವೇ ದಿನಗಳಲ್ಲಿ ಮಾಸ್ಕುಗಳು ಮೊದಲು ಮೂಗಿನಿಂದ ಗದ್ದಕ್ಕೆ, ಆಮೇಲೆ ಗದ್ದದಿಂದ ಜೇಬಿಗೆ ಹೋದವು. ನನ್ನದು ಗದ್ದದಲ್ಲಿತ್ತು. ಅಷ್ಟು ದಿನ ಕಾಣದ ಮುಖಗಳು ನಗುತ್ತಾ ತಿರುಗಾಡುವುದನ್ನು ನೋಡಿದರೆ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಇವರಲ್ಲಿ ಯಾರ ಹೆಸರನ್ನು ಮುಂದೆ ಕೂಗಬೇಕಾಗುತ್ತದೋ ಎಂದು ಒಂದೊಂದೇ ಮುಖ ನೋಡುತ್ತಿದ್ದೆ.

ಆ ವಾರ ಪದ್ಮಣ್ಣನ ಅಂಗಡಿಯಲ್ಲಿ ನಾನು ಸಾಮಾನಿಗೆ ಕಾಯುತ್ತಿದ್ದಾಗ ಲೀಲಕ್ಕ ಬಂದರು. ಮೂಗು ಬಾಯಿ ಪೂರ್ತಿ ಮುಚ್ಚಿದ ಮಾಸ್ಕ್. ಇಡೀ ಪೇಟೆಯಲ್ಲಿ ಜೋಸೆಫರನ್ನು ಬಿಟ್ಟರೆ ಅವರೊಬ್ಬರದ್ದೇ. ಜಗಲಿಯಲ್ಲಿದ್ದವರು ಅವರನ್ನು ನೋಡಿ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದರು. ಪದ್ಮಣ್ಣ ಬೆಲ್ಲ ತೂಗುತ್ತಿದ್ದವರು ತಕ್ಕಡಿ ಬಿಟ್ಟು, ಸ್ವರ ಇಳಿಸಿ ಕೇಳಿದರು.

"ಲೀಲಕ್ಕ, ಅವರು ಒಳಗೆ ಬಂದರಲ್ಲ? ಸಮಾಧಾನ ಆಯ್ತಲ್ಲ? ಇನ್ನು ಯಾಕೆ ಅದು? ತೆಗೀರಿ, ನೋಡುವಾಗ ಹೆದರಿಕೆ ಆಗ್ತದೆ."

ಲೀಲಕ್ಕ ಅವರ ಬರಿ ಮುಖವನ್ನು ನೋಡಿದರು.

"ಮಾಸ್ಕ್ ಹಾಕಿ ಅಂತ ಅವರು ಹೇಳಿದ್ದು ಬದುಕಿರುವಾಗ ಅಲ್ವಾ, ಪದ್ಮಣ್ಣ?" ಎಂದರು.

ಪದ್ಮಣ್ಣ ತಕ್ಕಡಿಗೆ ತಿರುಗಿ ಬೆಲ್ಲ ಕಟ್ಟಿದರು. ಲೀಲಕ್ಕ ಬೆಲ್ಲ ತೆಗೆದುಕೊಂಡು ರಸ್ತೆಗೆ ಇಳಿದರು. ನಾನು ಗದ್ದದಲ್ಲಿದ್ದ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡೆ.